ಹರಕೆ ಇಲ್ಲದೆಯೂ ನಡೆಯಬಹುದಲ್ವಾ?

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ದಾವಣಗೆರೆಯ ಓಣಿ ಓಣಿಯಲ್ಲೂ ಕೊಟ್ಟೂರು ಪಾದಯಾತ್ರೆಯ ಮಾತು. ನೀವೂ ನೋಡಿರ್ತೀರಿ. ವರ್ಷವಿಡೀ ‘ಮಂಡಿ ನೋವು, ಮಾರ್ಕೆಟ್ಟಿಗೂ ಆಟೋನೇ ಬೇಕು’ ಅನ್ನುವ ಎದುರು ಮನೆಯಾಕೆ ಹೆಗಲಿಗೊಂದು ಚೀಲ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಾಳೆ. ಹಗಲೆಲ್ಲ ನಡಿಗೆ. ರಾತ್ರಿ ಯಾವುದೋ ಶಾಲೆಯ ವರಾಂಡದಲ್ಲಿ ನಿದ್ದೆ. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟ ಉಪ್ಪಿಟ್ಟು, ಮಜ್ಜಿಗೆ. ಇತ್ತ ಮನೆಯಲ್ಲಿ ಅತ್ತೆಯೇ ಅಕ್ಕಿ ತೊಳೆದಿಡುತ್ತಾರೆ, ಗಂಡನೇ ಮಕ್ಕಳ ಟಿಫನ್ ಡಬ್ಬಿ ತುಂಬುತ್ತಾನೆ. ಒಬ್ಬರೂ ತಕರಾರು ತೆಗೆಯುವುದಿಲ್ಲ. ಯಾಕಂದ್ರೆ ಅದು ಹರಕೆ.

ಅದೇ ಆಕೆ, ‘ರೀ, ಗೆಳತಿಯರ ಜೊತೆ ನಾಲ್ಕು ದಿನ ಭದ್ರಾ ನದಿಗುಂಟ ನಡ್ಕೊಂಡು ಬರ್ತೀನಿ’ ಅಂತ ಕೇಳಲಿ ನೋಡೋಣ. ‘ಅಲ್ಲಿ ಹೋಗಿ ಏನ್ ಕಡಿದು ಕಟ್ಟೆ ಹಾಕ್ತೀಯ?’ ‘ಮನೇಲಿ ಯಾರು ನೋಡ್ಕೋತಾರೆ?’ ‘ಕಾಡು ಮೇಡು ಸುತ್ತೋ ವಯಸ್ಸಾ ಇದು?’ ಕಾಲು ಅವೇ, ಆಕೆಯೂ ಅವಳೇ. ಕೊಟ್ಟೂರಿನ ದಾರಿಯಲ್ಲಿ ಇಲ್ಲದ ಭಯ, ಇಲ್ಲದ ವಯಸ್ಸು, ಇಲ್ಲದ ಮಂಡಿ ನೋವು ಎಲ್ಲ ಆಗ ನೆನಪಿಗೆ ಬರುತ್ತವೆ.

ಪಾದಯಾತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ನಮ್ಮವ್ವ ಹನ್ನೆರಡು ವರ್ಷ ಕೊಟ್ಟೂರಿಗೆ ನಡೆದವಳು. ಆದರೆ ದೇವರ ಹೆಸರು ಹೇಳಿದರೆ ಮಾತ್ರ ಹೆಣ್ಣುಮಕ್ಕಳಿಗೆ ನಡೆಯಲು ರಜೆ ಸಿಗುತ್ತದಲ್ಲ, ಅದರ ಬಗ್ಗೆ ನನಗೊಂದು ಮಾತು ಹೇಳುವುದಿದೆ. ಹೇಳುವ ಹಕ್ಕು ನನಗೆಷ್ಟಿದೆ ಎಂಬುದು ಬೇರೆ. ನಾನೂ ಸುಳ್ಳು ಹೇಳಿಯೇ ನಡೆದು ಬಂದವಳು.

ನನ್ನ ತವರು ಹರಿಹರ ತಾಲ್ಲೂಕಿನ ಭಾನುವಳ್ಳಿ. ನಮ್ಮ ಗದ್ದೆಗೆ ಬರುವುದು ಭದ್ರಾ ನಾಲೆಯ ನೀರು. 1965ರಲ್ಲಿ ಪೂರ್ತಿಯಾದ ಲಕ್ಕವಳ್ಳಿಯ ಅಣೆಕಟ್ಟೆಯಿಂದ ಹೊರಟು, ಎಷ್ಟೋ ಊರಿನ ತೋಟ ಗದ್ದೆಗಳನ್ನು ದಾಟಿ, ಕೊನೆಗೆ ನಮ್ಮ ಕಡೆಗೆ ಬರಬೇಕು. ಕೊನೆ ಭಾಗದವರ ಪಾಡು ನಿಮಗೆ ಗೊತ್ತೇ ಇರುತ್ತದೆ. ನೀರು ಬಿಟ್ಟರಂತೆ ಎಂಬ ಸುದ್ದಿ ಮೊದಲು ಬರುತ್ತದೆ, ನೀರು ಆಮೇಲೆ. ಅಪ್ಪ, ಅಣ್ಣ ಬ್ಯಾಟರಿ ಹಿಡಿದು ರಾತ್ರಿಯೆಲ್ಲ ನಾಲೆಯ ಏರಿ ಮೇಲೆ ಕಾಯುತ್ತಿದ್ದರು. ಬೆಳಗ್ಗೆ ಅವ್ವ ಬಾಗಿಲಿಗೆ ನೀರು ಹಾಕುತ್ತಾ ಕೇಳುತ್ತಿದ್ದ ಮೊದಲ ಮಾತು, ‘ಭದ್ರಮ್ಮ ಬಂದಳಾ?’

ಒಂದು ಸಲ ಅವ್ವ ನಮ್ಮ ಮನೆಗೆ ಬಂದವಳು ನಲ್ಲಿ ತಿರುಗಿಸಿ, ‘ಇದೂ ಭದ್ರಮ್ಮನೇ ಏನೇ?’ ಅಂದಳು. ದಾವಣಗೆರೆಗೆ ಕುಡಿಯುವ ನೀರು ಹರಿಹರದ ಹತ್ತಿರದ ತುಂಗಭದ್ರೆಯಿಂದಲೂ ಬರುತ್ತದೆ, ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆಯಿಂದಲೂ ಬರುತ್ತದೆ. ಹೌದವ್ವ ಅಂದೆ. ‘ಇವಳು ಹುಟ್ಟೋ ಜಾಗ ಒಂದ್ಸಲ ನೋಡ್ಬೇಕಲ್ಲೇ. ಬಸ್ಸಲ್ಲಲ್ಲ, ನಡ್ಕೊಂಡು’ ಅಂದಳು. ಮಗನ ಪರೀಕ್ಷೆ ಮುಗೀಲಿ ಅಂದೆ. ಪರೀಕ್ಷೆ ಮುಗಿಯಿತು, ಅತ್ತೆಯವರ ಕಣ್ಣಿನ ಆಪರೇಷನ್ ಬಂತು. ಆಮೇಲೆ ಮನೆಗೆ ಸುಣ್ಣ ಬಣ್ಣ, ಆಮೇಲೆ ನಾದಿನಿ ಮಗಳ ಮದುವೆ. ಅವ್ವ ಹೋಗಿ ಆರು ವರ್ಷವಾಯಿತು. ಕರೆದುಕೊಂಡು ಹೋಗಲು ಬೇಕಾಗಿದ್ದದ್ದು ಐದೇ ದಿನ.

ಭದ್ರೆ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗೆಯೂ, ನೇತ್ರಾವತಿಯೂ ಅಲ್ಲೇ ಹುಟ್ಟುವುದು ಅನ್ನುತ್ತಾರೆ. ನೇತ್ರಾವತಿ ಪಡುವಣ ಸಮುದ್ರಕ್ಕೆ ಇಳಿದರೆ, ಅಕ್ಕತಂಗಿಯರಿಬ್ಬರು ಬೇರೆ ಬೇರೆ ದಾರಿ ಹಿಡಿದು ಕೊನೆಗೆ ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ನಮ್ಮ ಹರಿಹರಕ್ಕೆ ಬರುತ್ತಾರೆ. ಹರಿಹರದಲ್ಲಿ ನಾವು ಕಾಣುವುದು ಅಗಲವಾದ, ನಿಧಾನದ, ಬೇಸಿಗೆಯಲ್ಲಿ ಮರಳೂ ಪಾಚಿಯೂ ಕಾಣುವ ಹೊಳೆ. ಮೇಲೆ ಕುದುರೆಮುಖದ ಕಡೆ ಅದೇ ನೀರು ಬಂಡೆಯಿಂದ ಬಂಡೆಗೆ ಹಾರುವ ಹುಡುಗಿ. ನೋಡಿದರೆ ನಮ್ಮ ಹೊಳೆಯೇ ಇದು ಅಂತ ನಂಬುವುದು ಕಷ್ಟ.

ಗಂಗಾಮೂಲ ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಕೆಳಗೆ ಲಕ್ಕವಳ್ಳಿ ಕಡೆಗೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿಯೂ ನಡೆಯುವಂತಿಲ್ಲ, ನಡೆಯಲೂಬಾರದು. ಹಾಗಾಗಿ ಮೂಲದಿಂದ ಕೂಡಲಿಯವರೆಗೆ ಬಾಣದ ಗುರುತು ಹಾಕಿದ ನದಿದಾರಿ ಎಂಬುದು ನಮ್ಮಲ್ಲಿಲ್ಲ. ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಗುಂಟ ಸುಮಾರು 300 ಕಿ.ಮೀ. ಉದ್ದಕ್ಕೆ ಸರ್ಕಾರವೇ ಗುರುತು ಹಾಕಿಸಿದ ಕಾಲುದಾರಿ ಇದೆ. ಅಷ್ಟು ದೂರ ಯಾಕೆ, ನಮ್ಮ ದೇಶದಲ್ಲೇ ನರ್ಮದಾ ಪರಿಕ್ರಮ ಇದೆ. ಒಂದು ದಂಡೆಯಲ್ಲಿ ಹೋಗಿ ಇನ್ನೊಂದು ದಂಡೆಯಲ್ಲಿ ವಾಪಸ್, ಎರಡೂವರೆ ಸಾವಿರ ಕಿ.ಮೀ.ಗೂ ಹೆಚ್ಚು. ಜಬಲ್‌ಪುರದ ಚಿತ್ರಕಲೆಯ ಮೇಷ್ಟ್ರು ಅಮೃತಲಾಲ್ ವೇಗಡ್ ಅದನ್ನು 1977ರಲ್ಲಿ ಶುರುಮಾಡಿದಾಗ ಅವರಿಗೆ ಐವತ್ತರ ಹತ್ತಿರ ವಯಸ್ಸು. ಒಂದೇ ಉಸಿರಿಗೆ ನಡೆದವರಲ್ಲ. ರಜೆ ಸಿಕ್ಕಾಗ ಒಂದಷ್ಟು, ಮತ್ತೆ ಮನೆ, ಮತ್ತೊಂದು ರಜೆಗೆ ಮುಂದಿನಷ್ಟು. ಮುಂದಿನ ನಡಿಗೆಗಳಲ್ಲಿ ಹೆಂಡತಿ ಕಾಂತಾ ಅವರೂ ಜೊತೆಯಾದರು. ಅದನ್ನು ಓದಿದಾಗ ನನಗೆ ಹೊಳೆದದ್ದು ನಮ್ಮ ಚೀಟಿ ಗುಂಪು. ತಿಂಗಳು ತಿಂಗಳು ಕಟ್ಟಿ ಸೀರೆ, ಮಿಕ್ಸಿ ಕೊಳ್ಳಬಹುದಾದರೆ, ನದಿಯನ್ನೂ ಕಂತಿನಲ್ಲಿ ಯಾಕೆ ನಡೆಯಬಾರದು?

ನಾವು ಆರು ಜನ. ಎಲ್ಲರೂ ನಲವತ್ತೈದು ದಾಟಿದವರು. ಒಬ್ಬರು ಟೀಚರ್, ಒಬ್ಬರು ಮನೆಯಲ್ಲೇ ಟೈಲರಿಂಗ್, ಉಳಿದವರು ನಿಮ್ಮ ನನ್ನಂಥ ಗೃಹಿಣಿಯರು. ಮನೆಯಲ್ಲಿ ಏನಂತ ಹೇಳುವುದು ಎಂಬಲ್ಲಿಗೆ ಬಂದಾಗ ಟೀಚರ್ ಒಂದು ಉಪಾಯ ಹೇಳಿದರು. ಆ ದಾರಿಯ ಒಂದು ತುದಿಗೆ ಹೊರನಾಡು ಅನ್ನಪೂರ್ಣೇಶ್ವರಿ, ಇನ್ನೊಂದು ತುದಿಗೆ ಬಾಳೆಹೊನ್ನೂರಿನ ರಂಭಾಪುರಿ ಪೀಠ. ‘ಪಾದಯಾತ್ರೆ ಅಂದ್ಬಿಡೋಣ.’ ಎಲ್ಲರೂ ಚಪ್ಪಾಳೆ ತಟ್ಟಿದೆವು. ಆರು ಮನೆಯಲ್ಲೂ ಒಂದೇ ದಿನದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಯಜಮಾನರು ತಟ್ಟೆಗೆ ಹಾಕಲು ನೂರಾ ಒಂದು ರೂಪಾಯಿ ಬೇರೆ ಕೊಟ್ಟರು.

2024ರ ನವೆಂಬರ್ ಕೊನೆ. ಅದೇ ತಿಂಗಳು ತುಂಗಭದ್ರೆಯ ನೀರು ಕೆಡುತ್ತಿರುವುದರ ಬಗ್ಗೆ ಜಾಗೃತಿಗಾಗಿ ಶೃಂಗೇರಿಯಿಂದ ಹರಿಹರದ ಕಡೆಗೆ ‘ನಿರ್ಮಲ ತುಂಗಭದ್ರಾ’ ಪಾದಯಾತ್ರೆಯೂ ನಡೆದಿತ್ತು. ಅದರ ಸುದ್ದಿ ಓದಿಯೇ ನಮಗೆ ಇನ್ನಷ್ಟು ಹುಮ್ಮಸ್ಸು ಬಂದದ್ದು.

ಮೊದಲ ದಿನ ಸಂಸೆ ಹತ್ತಿರದ ಮುಳ್ಳೋಡಿಯಿಂದ ಕುದುರೆಮುಖ ಶಿಖರದ ದಾರಿ. ಹೋಗಿ ಬರಲು ಸುಮಾರು 20 ಕಿ.ಮೀ. ಬೆಳಗ್ಗೆ ಜೀಪಿನಲ್ಲಿ ಮುಳ್ಳೋಡಿ ತಲುಪಿ, ಗೈಡ್ ಹುಡುಗನ ಹಿಂದೆ ಹೊರಟೆವು. ಹಳ್ಳದ ಮೇಲೆ ಹಳ್ಳ. ಎಲ್ಲವೂ ಕೊನೆಗೆ ಭದ್ರೆಗೇ. ಬೆಟ್ಟದ ಮೈಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಒತ್ತಾದ ಕಾಡು. ಅದನ್ನು ಶೋಲಾ ಅನ್ನುತ್ತಾರಂತೆ. ಮಳೆಗಾಲದಲ್ಲಿ ಬಿದ್ದ ನೀರನ್ನು ಹುಲ್ಲಿನ ಬೇರು, ಕಾಡಿನ ಮಣ್ಣು ಹೀರಿ ಇಟ್ಟುಕೊಂಡು ಬೇಸಿಗೆಯವರೆಗೂ ಇಷ್ಟಿಷ್ಟೇ ಬಿಡುತ್ತವೆ. ನಾವು ಒದ್ದೆ ಬಟ್ಟೆಯಲ್ಲಿ ಕೊತ್ತಂಬರಿ ಸುತ್ತಿಡುವುದಿಲ್ಲವೇ, ಹಾಗೆ ತಂಪು ಕಾಯುವ ಕೆಲಸ. ಇದೇ ಬೆಟ್ಟಸಾಲಿನ ಇನ್ನೊಂದು ಬದಿಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಇತ್ತು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಅದು ನಿಂತದ್ದಕ್ಕೂ ನಮ್ಮ ನಲ್ಲಿಗೂ ಸಂಬಂಧವಿದೆ ಎಂದು ಆವತ್ತು ಆ ಹುಲ್ಲಿನ ಮೇಲೆ ಕೂತಾಗಲೇ ನನಗೆ ತಿಳಿದದ್ದು.

ನಾನು ಶಿಖರ ಮುಟ್ಟಲಿಲ್ಲ. ಒಂಟಿಮರ ದಾಟಿ ಸ್ವಲ್ಪ ದೂರಕ್ಕೆ ಬಲಮಂಡಿ ಬೇಡ ಅಂದಿತು. ಹಳ್ಳದ ಹತ್ತಿರ ಕೂತು ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದೆ. ನನಗೇನೂ ಬೇಸರವಾಗಲಿಲ್ಲ, ನನಗೆ ಬೇಕಾಗಿದ್ದದ್ದು ಹಳ್ಳವೇ. ತಳದ ಕಲ್ಲನ್ನು ಒಂದೊಂದಾಗಿ ಎಣಿಸಬಹುದಾದ ನೀರು. ಅವ್ವನ ಹೆಸರಿನಲ್ಲಿ ಒಂದು ಬೊಗಸೆ ಕುಡಿದೆ.

ಎರಡನೇ ದಿನ ಕಳಸದಿಂದ ಹೊರನಾಡಿಗೆ. ಕಳಸದ ಮೂರು ಕಡೆಗೂ ಭದ್ರೆ ಬಳಸಿಕೊಂಡು ಹರಿಯುತ್ತಾಳೆ. ಅಂಬುತೀರ್ಥದಲ್ಲಿ ಇಡೀ ನದಿ ಬಂಡೆಗಳ ಸಂದಿಗೆ ಮೈ ಹಿಂಡಿಕೊಂಡು ನುಗ್ಗುವುದನ್ನು ನೋಡಬೇಕು ನೀವು. ಅಲ್ಲಿ ನಿಂತರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಮಳೆಗಾಲದಲ್ಲಿ ಮುಳುಗಿ ಪೇಪರಿನಲ್ಲಿ ಸುದ್ದಿಯಾಗುತ್ತಿದ್ದ ಹೆಬ್ಬಾಳೆ ಸೇತುವೆಯ ದಾರಿಯಾಗಿ ಸಂಜೆಗೆ ಹೊರನಾಡು.

ಮೂರನೇ ದಿನ ಬೆಳಗ್ಗೆ ನಮ್ಮ ಟೈಲರಿಂಗ್ ಗೆಳತಿ ಮುಟ್ಟಾದಳು. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ಕಾಲು ಅವಳದ್ದೇ, ಶಿಖರಕ್ಕೂ ಮೊದಲು ಹತ್ತಿದವಳು. ‘ಏನೂ ಆಗಿಲ್ಲ, ನಡೀತೀನಿ’ ಅಂದಳು. ಅಷ್ಟರಲ್ಲಿ ಅವಳ ಅತ್ತೆಯ ಫೋನು. ದರ್ಶನ ಆಯ್ತಾ ಅಂತ ಕೇಳಿದರು. ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇಳಲಾರದೆ ಇವಳು ಇದ್ದದ್ದು ಹೇಳಿದಳು. ಆ ಕಡೆಯಿಂದ ಒಂದೇ ಮಾತು: ‘ದೇವರ ಯಾತ್ರೆ ಅಂದ್ಮೇಲೆ ಮುಟ್ಟಾದವಳು ಹೆಂಗೆ ನಡೀತಿ? ವಾಪಸ್ ಬಾ.’ ಅತ್ತೆಯದು ತಪ್ಪು ಅಂತ ಹೇಗೆ ಹೇಳಲಿ? ಯಾತ್ರೆ ಅಂತ ಹೇಳಿದವರು ನಾವೇ. ಬರೀ ನಡಿಗೆ ಅಂದಿದ್ದರೆ ಮುಟ್ಟಿಗೂ ಅದಕ್ಕೂ ಏನು ಸಂಬಂಧ? ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಬಸ್ ಹತ್ತಿಸಿದೆವು. ಕಿಟಕಿಯಿಂದ ಕೈ ಬೀಸಿದಳು, ಅಳಲಿಲ್ಲ. ಅತ್ತವರು ನಾವು.

ಉಳಿದ ಐದು ಜನ ಬಾಳೆಹೊಳೆ, ಮಾಗುಂಡಿ ದಾಟಿ ಐದನೇ ದಿನ ಬಾಳೆಹೊನ್ನೂರು ತಲುಪಿದೆವು. ಕಾಫಿ ತೋಟದ ನೆರಳು, ಆಗಾಗ ಮರದ ಸಂದಿಯಲ್ಲಿ ನದಿ. ತೋಟದ ಲೈನಿನ ಹೆಂಗಸರು ಕರೆದು ಕಾಫಿ ಕೊಟ್ಟರು. ‘ಯಾವ ಹರಕೆ?’ ಅಂತ ಅವರೂ ಕೇಳಿದರು.

ಅಂದಿನಿಂದ ನನ್ನ ತಲೆ ಕೊರೆಯುತ್ತಿರುವುದು ಇದೇ. ಹರಕೆಯ ಹೆಸರಿನಲ್ಲಿ ಸಿಕ್ಕ ರಜೆ ನಮ್ಮದಲ್ಲ, ದೇವರದ್ದು. ದೇವರ ರಜೆಗೆ ದೇವರ ಕಟ್ಟಳೆಗಳೇ. ಮುಟ್ಟು ಮುಂದೂಡಲು ಎಷ್ಟು ಜನ ಮಾತ್ರೆ ನುಂಗಿ ಯಾತ್ರೆಗೆ ಹೊರಡುವುದಿಲ್ಲ ಹೇಳಿ? ಡಾಕ್ಟರನ್ನೂ ಕೇಳದೆ, ಮೆಡಿಕಲ್ ಶಾಪಿನಲ್ಲಿ ಪಿಸುಗುಟ್ಟಿ ತೆಗೆದುಕೊಳ್ಳುತ್ತೇವೆ. ದರ್ಶನ ಆದ ತಕ್ಷಣ ಮನೆಗೆ ಓಡಬೇಕು, ನದಿ ದಂಡೆಯಲ್ಲಿ ಒಂದು ಗಂಟೆ ಸುಮ್ಮನೆ ಕೂತರೆ ಅದು ಕಾಲಹರಣ. ನಾಳೆ ಬರೀ ನಡಿಗೆಗೆ ಹೋಗುತ್ತೇನೆ ಅಂತ ನಮ್ಮ ಸೊಸೆಯೋ ಮಗಳೋ ಕೇಳಿದರೆ, ‘ನಿಮ್ಮತ್ತೆ ದೇವರಿಗೆ ಹೋಗಿದ್ದರು, ನೀನು ಮೋಜಿಗೆ ಹೊರಟಿದ್ದೀಯ’ ಅನ್ನುವ ಬಾಯಿಗೆ ನಾವೇ ಮಾತು ಕೊಟ್ಟ ಹಾಗಾಯಿತು. ಆದ್ದರಿಂದ ಗೆಳತಿಯರೆ, ಕೇಳುವುದಾದರೆ ನೇರವಾಗಿಯೇ ಕೇಳಿ. ಒಂದೆರಡು ಸಲ ‘ಬೇಡ’ ಅನ್ನುತ್ತಾರೆ, ಅನ್ನಲಿ. ನಾದಿನಿ ಮದುವೆಗೆ ನೆಕ್ಲೆಸ್ ಕೇಳಿದಾಗಲೂ ಮೊದಲು ಬೇಡ ಅಂದಿದ್ದರಲ್ಲ.

‘ಅದೆಲ್ಲ ಸರಿ, ಅಪಾಯ ಇಲ್ವಾ?’ ಅಂತ ಕೇಳುತ್ತೀರಿ. ಇದೆ. ಅದಕ್ಕೆ ಹೆದರಿ ಕೂರಬೇಡಿ, ತಿಳಿದುಕೊಂಡು ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ನದಿಯ ಹತ್ತಿರ ಸುಳಿಯಬೇಡಿ. ಉಳಿದ ತಿಂಗಳುಗಳಲ್ಲೂ ನೀವು ನಿಂತಲ್ಲಿ ಬಿಸಿಲಿದ್ದು ಮೇಲೆಲ್ಲೋ ಮಳೆ ಸುರಿದಿರಬಹುದು. ತಿಳಿ ನೀರು ಕೆಂಪಾಗಿ, ಎಲೆ ಕಸ ತೇಲಿ ಬರತೊಡಗಿದರೆ ಕೂಡಲೇ ದಂಡೆ ಹತ್ತಿ. ಮಂಡಿಗಿಂತ ಮೇಲೆ ಬರುವ, ಸೆಳೆತವಿರುವ ಹಳ್ಳವನ್ನು ದಾಟಲೇಬೇಡಿ. ಫೋಟೋಗಾಗಿ ಪಾಚಿ ಬಂಡೆ ಹತ್ತುವವರು ನಿಮ್ಮ ಗುಂಪಿನಲ್ಲಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ, ನಾನು ತಮಾಷೆಗೆ ಹೇಳುತ್ತಿಲ್ಲ. ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಭಯವಿರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಜ್ವರ ಉಣುಗು ಕಚ್ಚಿ ಬರುತ್ತದೆ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಬೇಡಿ, ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಇಂಬಳ ಕಚ್ಚಿದರೆ ಏನೂ ಆಗುವುದಿಲ್ಲ, ಒಂದು ಚಿಟಿಕೆ ಉಪ್ಪು ಸಾಕು. ನಮ್ಮ ಟೀಚರ್ ಕಿರುಚಿದ್ದಕ್ಕೆ ಇಂಬಳವೇ ಹೆದರಿರಬೇಕು.

ತೋಟದ ದಾರಿಯಲ್ಲಿ ಆನೆ ಇದೆಯೇ ಎಂದು ಊರಿನವರನ್ನು ಕೇಳಿಯೇ ಹೆಜ್ಜೆಯಿಡಿ. ಸೂರ್ಯ ಇಳಿಯುವ ಮೊದಲೇ ತಂಗುವ ಮನೆ ಸೇರಿ. ತೋಟಗಳು ಖಾಸಗಿಯವರದ್ದು, ಒಳಗೆ ಕಾಲಿಡುವ ಮುಂಚೆ ಒಂದು ಮಾತು ಕೇಳುವುದು ಮರ್ಯಾದೆ.

ಕುದುರೆಮುಖದಂಥ ಚಾರಣಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜಾತ್ರೆಯ ಹಾಗೆ ಜನ ನುಗ್ಗಿದ ಮೇಲೆ ಬಂದ ಕಟ್ಟುನಿಟ್ಟು ಇದು. ಗೊಣಗಬೇಡಿ, ಒಳ್ಳೆಯದೇ ಆಯಿತು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮುಚ್ಚುವುದೂ ಉಂಟು. ಶಿಖರದಲ್ಲಿ ರಾತ್ರಿ ತಂಗುವಂತಿಲ್ಲ. ಹೊರಡುವ ಎರಡು ತಿಂಗಳ ಮೊದಲೇ ಕುಂದವಾಡ ಕೆರೆಯ ಸುತ್ತ ನಡೆಯಲು ಶುರುಮಾಡಿ, ಭಾನುವಾರಕ್ಕೊಮ್ಮೆ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಿ. ಹೊಸ ಶೂ ಹಾಕಿಕೊಂಡು ಹೋಗಿ ಗುಳ್ಳೆ ಎಬ್ಬಿಸಿಕೊಂಡವರ ಕಥೆ ಬೇಡ. ಸೀರೆಯಲ್ಲಿ ನಡೆಯುತ್ತೇನೆ ಅನ್ನುವವರು ನಡೆಯಬಹುದು, ಆದರೆ ಹಳ್ಳ ದಾಟುವಾಗ ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಚೂಡಿದಾರ್ ವಾಸಿ.

ಇನ್ನೊಂದು ಮಾತು, ನಾವು ನಾವೇ ಆಡಿಕೊಳ್ಳಬೇಕಾದದ್ದು. ದಾರಿಯಲ್ಲಿ ಶೌಚಕ್ಕೆ ಎಲ್ಲಿ ಹೋಗುವುದು ಎಂದು ಹೆದರಿ ಹೆಂಗಸರು ನೀರೇ ಕುಡಿಯುವುದಿಲ್ಲ. ಉರಿಮೂತ್ರ, ತಲೆಸುತ್ತು ಬರುವುದು ಅದರಿಂದಲೇ. ನಾವು ಒಂದು ಹಳೇ ವಾಯಿಲ್ ಸೀರೆ ಒಯ್ದಿದ್ದೆವು. ಇಬ್ಬರು ಎರಡು ತುದಿ ಹಿಡಿದು ನಿಂತರೆ ಗೋಡೆಯಾಯಿತು. ನೀರಿನಿಂದ ದೂರ ಹೋಗಬೇಕು ಅಷ್ಟೇ. ಪ್ಯಾಡನ್ನು ಕಾಡಿನಲ್ಲೂ ಹೊಳೆಯಲ್ಲೂ ಎಸೆಯಬೇಡಿ, ಪೇಪರಿನಲ್ಲಿ ಸುತ್ತಿ ಚೀಲದಲ್ಲಿ ವಾಪಸ್ ತನ್ನಿ. ಹಾಗೆಯೇ ಬಿಸ್ಕತ್ತಿನ ಕವರು. ದಾರಿಯುದ್ದಕ್ಕೂ ಊರಿಂದೂರಿಗೆ ಚರಂಡಿ ನೀರು, ಕಸ ಕೂಡುತ್ತಾ ಕೂಡುತ್ತಾ ಬಂದ ಹೊಳೆಯೇ ನಮ್ಮ ಹರಿಹರಕ್ಕೆ ಬರುವುದು. ಮೇಲಿನ ನೀರನ್ನು ಕಂಡವರಿಗೆ ಕೆಳಗಿನದ್ದು ನೋಡಲು ಹೊಟ್ಟೆ ಉರಿಯುತ್ತದೆ.

ಖರ್ಚು? ಬಸ್ಸು, ಜೀಪು, ಗೈಡು, ಮನೆ ಊಟದ ಹೋಂಸ್ಟೇ ಎಲ್ಲ ಆರು ಪಾಲು ಮಾಡಿದರೆ ಒಂದು ಮದುವೆಗೆ ಉಡುವ ರೇಷ್ಮೆ ಸೀರೆಯಷ್ಟೂ ಆಗಲಿಲ್ಲ.

ಮುಂದಿನ ಕಂತು ಕೂಡಲಿಯಿಂದ ಹರಿಹರ. ಬೆಟ್ಟವಿಲ್ಲ, ಕಾಡಿಲ್ಲ, ಬಯಲು ಸೀಮೆಯ ಅಡಿಕೆ ಭತ್ತದ ದಾರಿ. ಕೊನೆಯ ದಿನ ಭಾನುವಳ್ಳಿಗೆ ಹೋಗಿ ನಾಲೆಯ ಏರಿ ಮೇಲೆ ಒಂದಿಷ್ಟು ಹೊತ್ತು ಕೂರಬೇಕು ಅಂತ ನನ್ನಾಸೆ. ಟೈಲರಿಂಗ್ ಗೆಳತಿ ಈ ಸಲ ತನ್ನ ಅತ್ತೆಗೆ ತಾನೇ ಹೇಳಿದ್ದಾಳೆ, ಯಾತ್ರೆಯಲ್ಲ, ನಡಿಗೆ ಅಂತ. ಎರಡು ದಿನ ಮಾತು ಬಿಟ್ಟರಂತೆ. ಮೂರನೇ ದಿನ, ‘ದಾರಿಗೆ ಚಕ್ಲಿ ಮಾಡ್ಕೊಡ್ಲಾ?’ ಅಂದರಂತೆ.

ನಾನೂ ಹೋದ ವಾರ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ‘ಈ ಸಲ ಯಾವ ದೇವರು?’ ಅಂದರು. ಯಾವ ದೇವರೂ ಅಲ್ಲ, ಸುಮ್ಮನೆ ಹೊಳೆ ನೋಡ್ಕೊಂಡು ನಡೆಯೋದು ಅಂದೆ. ಹೋದ ಸಲದ ಸುಳ್ಳನ್ನೂ ಒಪ್ಪಿಕೊಂಡೆ. ಅನ್ನ ಕಲಸುತ್ತಿದ್ದ ಕೈ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ಹಂಗಾದ್ರೆ ನನ್ನ ನೂರಾ ಒಂದು ರೂಪಾಯಿ?’

ತಟ್ಟೆಗೆ ಹಾಕಿದ್ದೇನೆ ರೀ, ಅದರಲ್ಲಿ ಸುಳ್ಳಿಲ್ಲ ಅಂದೆ. ಕುಕ್ಕರಿಗೆ ಎಷ್ಟು ನೀರು ಇಡಬೇಕು ಅಂತ ಈಗ ದಿನಾ ಕೇಳುತ್ತಿದ್ದಾರೆ.